ಹಾವುಮೀನಿನ ಆಸೆಗೆ ಆರು ಕುಹ್ಲಿಗಳು

ಪ್ರಶ್ನೆ: ಒಂದು ವರ್ಷದಿಂದ ಮನೆಯಲ್ಲಿ ಅಕ್ವೇರಿಯಂ ಇಟ್ಟಿದ್ದೇನೆ. ತೊಟ್ಟಿ 75 ಸೆಂಟಿಮೀಟರ್ ಉದ್ದ, 30 ಅಗಲ, 38 ಎತ್ತರ ಇದೆ. ಹತ್ತು ಗಪ್ಪಿ, ಎಂಟು ನಿಯಾನ್ ಟೆಟ್ರಾ ಇವೆ. ಹಾವುಮೀನಿನಂಥ ಉದ್ದನೆಯ ಮೀನೊಂದನ್ನು ಸಾಕಬೇಕೆಂಬುದು ಬಹಳ ದಿನದ ಆಸೆ. ಅಂಗಡಿಯಲ್ಲಿ ಗೇಣುದ್ದಕ್ಕಿಂತ ಚಿಕ್ಕದಾದ, ಕೆಂಪು ಗೆರೆಗಳ 'ಫೈರ್ ಈಲ್' ತೋರಿಸಿ, 'ಸಾಕುವುದು ಸುಲಭ, ತಳವನ್ನೆಲ್ಲ ಸ್ವಚ್ಛ ಮಾಡುತ್ತದೆ' ಎಂದರು. ಪಕ್ಕದಲ್ಲಿ 'ಪೀಕಾಕ್ ಈಲ್', 'ರೋಪ್ ಫಿಶ್' ಕೂಡ ಇದ್ದವು. ನನ್ನಂಥ ಹೊಸಬರಿಗೆ ಯಾವುದು ಸರಿ?

ಉತ್ತರ: ಮೂರರಲ್ಲಿ ಯಾವುದೂ ಬೇಡ. ಹಾವುಮೀನಿನಂತೆಯೇ ಕಾಣುವ ಪುಟ್ಟ ಮೀನು ಕುಹ್ಲಿ ಲೋಚ್, ಅದನ್ನು ಆರು ತನ್ನಿ. ಇಷ್ಟು ಹೇಳಿ ಸುಮ್ಮನಾಗಬಹುದಿತ್ತು. ಆದರೆ ಕಾರಣ ಹೇಳದಿದ್ದರೆ ಮುಂದಿನ ವಾರ ನೀವು ಆ ಫೈರ್ ಈಲನ್ನೇ ಚೀಲದಲ್ಲಿ ಕಟ್ಟಿಸಿಕೊಂಡು ಬರುತ್ತೀರಿ ಎಂಬುದು ನನಗೆ ಗೊತ್ತು. ಯಾಕೆಂದರೆ ನಾನೂ ಒಂದು ಕಾಲದಲ್ಲಿ ಹಾಗೆಯೇ ತಂದವನು. ಆ ಕಥೆಗೆ ಆಮೇಲೆ ಬರುತ್ತೇನೆ.

ಮೊದಲು ಹೆಸರಿನ ಗೊಂದಲ ಬಿಡಿಸೋಣ. ನೀವು ನೋಡಿದ ಮೂರೂ ನಿಜವಾದ ಹಾವುಮೀನುಗಳಲ್ಲ. ನಿಜವಾದ ಹಾವುಮೀನುಗಳ ವರ್ಗವೇ ಬೇರೆ. ಅವುಗಳಿಗೆ ಹೊಟ್ಟೆಯ ಕೆಳಗಿನ ಜೋಡಿ ಈಜುರೆಕ್ಕೆ ಇರುವುದಿಲ್ಲ. ಬೆನ್ನಿನ ರೆಕ್ಕೆ, ಬಾಲ, ಕೆಳಗಿನ ರೆಕ್ಕೆ ಮೂರೂ ಸೇರಿ ಒಂದೇ ಅಂಚಿನಂತೆ ಹಿಂದಿನವರೆಗೆ ಸುತ್ತಿಕೊಂಡಿರುತ್ತವೆ. ಅವುಗಳಲ್ಲಿ ಬಹುಪಾಲು ಕಡಲಿನವು. ಹೊಳೆ ಕೆರೆಗಳಲ್ಲಿ ಬೆಳೆಯುವ ಆಂಗ್ವಿಲ್ಲ ಜಾತಿಯವು ಕೂಡ ಮೊಟ್ಟೆಯಿಡಲು ಸಮುದ್ರಕ್ಕೇ ಇಳಿಯುತ್ತವೆ, ಅದಕ್ಕಾಗಿ ಸಾವಿರಾರು ಕಿಲೋಮೀಟರ್ ಈಜುವವೂ ಇವೆ. ಒಂದು ಮೀಟರಿಗೂ ಮೀರಿ ಬೆಳೆಯುವ, ಮಳೆಗಾಲದ ರಾತ್ರಿಯಲ್ಲಿ ಒದ್ದೆ ಹುಲ್ಲಿನ ಮೇಲೆ ಹರಿದು ಇನ್ನೊಂದು ನೀರಿಗೆ ಹೋಗಬಲ್ಲ ಪ್ರಾಣಿಯನ್ನು ಗಾಜಿನ ಪೆಟ್ಟಿಗೆಯಲ್ಲಿ ಇಡುವ ಮಾತು ಬೇಡ. ಹಾಗಾಗಿ ಸಿಹಿನೀರಿನ ಅಕ್ವೇರಿಯಂ ಲೋಕದಲ್ಲಿ 'ಈಲ್' ಎಂದು ಮಾರುವವುಗಳಲ್ಲಿ ಬಹುಪಾಲು ಹಾವುಮೀನಿನ ರೂಪ ತಳೆದ ಬೇರೆ ಬೇರೆ ಕುಲದ ಮೀನುಗಳು. ಒಂದಕ್ಕೊಂದು ನೆಂಟಸ್ತಿಕೆ ಇಲ್ಲದ ಇವುಗಳಿಗೆಲ್ಲ ಒಂದೇ ರೂಪ ಬಂದದ್ದು ಹೇಗೆ?

ನನ್ನ ಉತ್ತರದ ತಿರುಳು ಇರುವುದೇ ಇಲ್ಲಿ. ಉದ್ದನೆಯ, ಸಪೂರ, ಜಾರುವ ದೇಹ ಬರುವುದು ಸಂದುಗಳಲ್ಲಿ ಬದುಕುವ ಪ್ರಾಣಿಗಳಿಗೆ. ಬೇರುಗಳ ನಡುವೆ, ಕಲ್ಲಿನ ಬಿರುಕಿನಲ್ಲಿ, ಕೆಸರಿನೊಳಗೆ, ಕೊಳೆತ ಎಲೆಗಳ ಅಡಿಯಲ್ಲಿ ನುಸುಳುವ ಕಸುಬಿಗೆ ತಕ್ಕ ಮೈಕಟ್ಟು ಅದು. ಮೈಕಟ್ಟು ಇಷ್ಟವಾಯಿತೆಂದರೆ ಕಸುಬನ್ನೂ ಒಪ್ಪಿಕೊಂಡ ಹಾಗೆ. ಸಂದಿನಲ್ಲಿ ಬದುಕುವ ಮೀನು ಹಗಲು ಕಣ್ಣಿಗೆ ಬೀಳುವುದಿಲ್ಲ. ಕತ್ತಲಲ್ಲಿ ಕಣ್ಣಿಗಿಂತ ಮೂಗು, ಮೀಸೆಗಳನ್ನು ನಂಬಿ ಊಟ ಹುಡುಕುವುದರಿಂದ ಮೇಲೆ ತೇಲುವ ಊಟ ಅದಕ್ಕೆ ಸಿಗುವುದಿಲ್ಲ. ಮರಳಿನಲ್ಲಿ ಹೂತುಕೊಳ್ಳುವುದರಿಂದ ತಳದಲ್ಲಿ ಚೂಪು ಜಲ್ಲಿಯಿದ್ದರೆ ಮೈ ತರಚುತ್ತದೆ. ಹುರುಪೆ ಸಣ್ಣದಾಗಿ ಅಥವಾ ಇಲ್ಲದೆ ಲೋಳೆಯೇ ಕವಚವಾಗಿರುವುದರಿಂದ ನೀರಿಗೆ ಹಾಕಿದ ಔಷಧ ಅದಕ್ಕೆ ಬೇಗ ತಗಲುತ್ತದೆ. ಎಲ್ಲಕ್ಕಿಂತ ಮುಖ್ಯವಾಗಿ, ತೊಟ್ಟಿಯ ಮುಚ್ಚಳದ ಮೂಲೆಯಲ್ಲಿ ವೈರು ಹೋಗಲು ಬಿಟ್ಟ ತೂತು ನಿಮಗೆ ತೂತು, ಅದಕ್ಕೆ ಬಾಗಿಲು.

ಈಗ ಫೈರ್ ಈಲ್. ಆಗ್ನೇಯ ಏಷ್ಯಾದ ನದಿಗಳ ಮೀನು ಅದು. ಬೆನ್ನಿನ ಮೇಲೆ ಸಾಲಾಗಿ ಸಣ್ಣ ಮುಳ್ಳುಗಳಿರುವ ಸ್ಪೈನಿ ಈಲ್ ಕುಟುಂಬಕ್ಕೆ ಸೇರಿದ್ದು. ಕಪ್ಪು ಕಂದು ಮೈಮೇಲೆ ಕೆಂಡದ ಬಣ್ಣದ ಗೆರೆ, ಕೆಂಪು ಅಂಚಿನ ರೆಕ್ಕೆ: ಅಂದ ಅಲ್ಲಗಳೆಯಲಾಗದು. ಅಂಗಡಿಯಲ್ಲಿ ಗೇಣುದ್ದ ಇರುವ ಈ ಮೀನು ಬೆಳೆಯುವುದು ಒಂದು ಮೀಟರಿನವರೆಗೆ. ನಿಮ್ಮ ತೊಟ್ಟಿಯ ಉದ್ದ 75 ಸೆಂಟಿಮೀಟರ್. ಲೆಕ್ಕ ಇಲ್ಲಿಗೇ ಮುಗಿಯಿತು. 'ತೊಟ್ಟಿಗೆ ತಕ್ಕಂತೆ ಬೆಳೆಯುತ್ತದೆ' ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಇಕ್ಕಟ್ಟಿನಲ್ಲಿ ಬೆಳವಣಿಗೆ ಕುಂಠಿತವಾಗುವುದು ಹೊಂದಾಣಿಕೆಯಲ್ಲ, ಕಾಯಿಲೆ.

ನಾನು ತಂದದ್ದು ಇದೇ ಕುಟುಂಬದ ಟೈರ್ ಟ್ರ್ಯಾಕ್ ಈಲ್, ಮೈಮೇಲೆ ಗಾಡಿಯ ಚಕ್ರದ ಗುರುತಿನಂಥ ಚಿತ್ತಾರ ಇರುವಂಥದ್ದು. ಅಂಗಡಿಯಾತ ಹೇಳಿದ್ದು ನಿಮಗೆ ಹೇಳಿದ್ದನ್ನೇ. ಮೊದಲ ವಾರ ಮೂತಿ ಮಾತ್ರ ಮರಳಿನಿಂದ ಹೊರಗೆ ಕಾಣುತ್ತಿತ್ತು. ಎರಡನೆಯ ವಾರ ಟೆಟ್ರಾಗಳು ಕಡಿಮೆಯಾಗತೊಡಗಿದವು. ಸತ್ತ ಮೀನು ಕಾಣಲಿಲ್ಲ, ಎಣಿಕೆಯಲ್ಲಿ ಮಾತ್ರ ವ್ಯತ್ಯಾಸ. ಮೂರನೆಯ ವಾರ ಒಂದು ಬೆಳಿಗ್ಗೆ ಅದೇ ಇರಲಿಲ್ಲ. ಮುಚ್ಚಳ ಮುಚ್ಚಿದ್ದು ಮುಚ್ಚಿದ ಹಾಗೆಯೇ ಇತ್ತು. ಫಿಲ್ಟರ್ ಕೊಳವೆ ಒಳಗಿಳಿಯುವ ಜಾಗದಲ್ಲಿ ಎರಡು ಬೆರಳಗಲದ ಸಂದು, ಅಷ್ಟೆ. ಪುಸ್ತಕದ ಕಪಾಟಿನ ಹಿಂದೆ, ಒಣಗಿ ಹಗ್ಗದಂತಾಗಿದ್ದ ಅದನ್ನು ಕಂಡದ್ದು ಎರಡು ದಿನದ ನಂತರ. ತೊಟ್ಟಿಯಿಂದ ಕಪಾಟಿಗೆ ಆರು ಮಾರು ದೂರ. ಅಷ್ಟು ದೂರ ಅದು ಹರಿದಿತ್ತೆಂಬುದು ಇಂದಿಗೂ ನನ್ನನ್ನು ಚುಚ್ಚುತ್ತದೆ.

ಪೀಕಾಕ್ ಈಲ್ ಬಗ್ಗೆ ನನ್ನ ಮಾತು ಅಷ್ಟು ಕಟುವಲ್ಲ. ಅದೂ ಸ್ಪೈನಿ ಈಲ್ ಕುಟುಂಬದ್ದೇ; ಬೆನ್ನಿನ ರೆಕ್ಕೆಯ ಬುಡದಲ್ಲಿ ನವಿಲುಗರಿಯ ಕಣ್ಣಿನಂಥ ದುಂಡು ಮಚ್ಚೆಗಳು ಇರುವುದರಿಂದ ಆ ಹೆಸರು. ಗರಿಷ್ಠ ಉದ್ದ ಸುಮಾರು 30 ಸೆಂಟಿಮೀಟರ್. ಸಾಕಬಹುದಾದ ಮೀನೇ. ಆದರೆ ನಿಮ್ಮದು 75 ಸೆಂಟಿಮೀಟರಿನ ತೊಟ್ಟಿ, ಅದಕ್ಕೆ ಬೇಕಾದದ್ದು ಕಡಿಮೆಯೆಂದರೂ 120. ಜೊತೆಗೆ ಊಟದ ಸಮಸ್ಯೆಯೊಂದಿದೆ. ಈ ಕುಟುಂಬದ ಮೀನುಗಳು ಮನೆಗಳಲ್ಲಿ ಸಾಯುವುದು ಹೆಚ್ಚಾಗಿ ಹಸಿವಿನಿಂದ.

ಹೇಗೆಂದು ತಿಳಿಯಬೇಕಾದರೆ ಅದರ ಮೂತಿಯನ್ನು ಹತ್ತಿರದಿಂದ ನೋಡಬೇಕು. ಮೇಲ್ದುಟಿಯಿಂದ ಮುಂದಕ್ಕೆ ಚಾಚಿದ ಮೆತ್ತನೆಯ ಸೊಂಡಿಲೊಂದು, ಅದರ ಎರಡು ಪಕ್ಕದಲ್ಲಿ ಕೊಳವೆಯಂಥ ಮೂಗಿನ ಹೊಳ್ಳೆಗಳು. ದೀಪ ಆರಿಸಿದ ಮೇಲೆ ಎರೆಹುಳುವಿನ ತುಂಡೊಂದನ್ನು ಮರಳಿನ ಮೇಲೆ ಬಿಟ್ಟು ಕಾದರೆ, ಆ ಸೊಂಡಿಲು ಕುರುಡರ ಕೈಬೆರಳಿನಂತೆ ಮರಳನ್ನು ತಡವುತ್ತಾ ಬರುತ್ತದೆ. ತುಂಡಿನ ಪಕ್ಕದಿಂದಲೇ ಒಮ್ಮೆ ದಾಟಿ ಹೋಗುತ್ತದೆ. ನಿಲ್ಲುತ್ತದೆ. ಹಿಂದಕ್ಕೆ ಸರಿಯುತ್ತದೆ, ಹಿಂದಕ್ಕೆ ಈಜುವುದೂ ಅದಕ್ಕೆ ಮುಂದಕ್ಕೆ ಈಜಿದಷ್ಟೇ ಸಲೀಸು. ಮತ್ತೆ ತಡವಿ, ಮೂಸಿ, ಒಂದೇ ಉಸಿರಿಗೆ ಸೆಳೆದುಕೊಂಡುಬಿಡುತ್ತದೆ. ಈ ಇಡೀ ಕಲಾಪಕ್ಕೆ ಐದು ನಿಮಿಷ ಬೇಕಾದೀತು. ಅಷ್ಟರಲ್ಲಿ ನಿಮ್ಮ ಗಪ್ಪಿಗಳು ಆ ತುಂಡನ್ನು ಕಚ್ಚಿ ಎಳೆದು ಮುಗಿಸಿರುತ್ತವೆ. ಒಣ ಊಟವನ್ನು ಅದು ಊಟವೆಂದೇ ಗುರುತಿಸುವುದಿಲ್ಲ. ಜೀವಂತ ಹುಳು, ಹೆಪ್ಪುಗಟ್ಟಿಸಿದ ಬ್ಲಡ್‌ವರ್ಮ್ (ಸೊಳ್ಳೆಯಂಥ ಕೀಟದ ಕೆಂಪು ಮರಿಹುಳು), ಸಣ್ಣ ಸೀಗಡಿ ಬೇಕು. ಅಂಗಡಿಗೆ ಬರುವವುಗಳಲ್ಲಿ ಬಹಳಷ್ಟು ಕಾಡುನೀರಿನಲ್ಲಿ ಹಿಡಿದವು, ಹೊಟ್ಟೆಯಲ್ಲಿ ಜಂತು ಇದ್ದರೂ ಇರಬಹುದು. ಮರಳಿನಲ್ಲಿ ಹೂತುಕೊಂಡ ಮೀನು ಬಡಕಲಾಗುತ್ತಿರುವುದು ಮಾಲೀಕರಿಗೆ ಗೊತ್ತಾಗುವ ಹೊತ್ತಿಗೆ ತಡವಾಗಿರುತ್ತದೆ.

ರೋಪ್ ಫಿಶ್ ಇವೆರಡಕ್ಕಿಂತ ಸ್ವಾರಸ್ಯದ ಪ್ರಾಣಿ. ಪಶ್ಚಿಮ ಆಫ್ರಿಕಾದ ಜೌಗು ನೀರಿನದು. ಮೈತುಂಬ ಗಟ್ಟಿ ಹುರುಪೆಯ ಕವಚ, ಬೆನ್ನಿನ ಮೇಲೆ ಬಿಡಿಬಿಡಿಯಾದ ಪುಟ್ಟ ರೆಕ್ಕೆಗಳು. ಕಿವಿರಿನ ಜೊತೆಗೆ ಶ್ವಾಸಕೋಶವೂ ಇರುವುದರಿಂದ ಆಗಾಗ ಮೇಲೆ ಬಂದು ಗಾಳಿ ಗುಟುಕರಿಸುತ್ತದೆ. ಒಣ ಊಟಕ್ಕೂ ನಿಧಾನವಾಗಿ ಒಗ್ಗುತ್ತದೆ, ಮನುಷ್ಯರಿಗೂ ಒಗ್ಗುತ್ತದೆ. ಆದರೆ 35 ಸೆಂಟಿಮೀಟರ್ ದಾಟಿ ಬೆಳೆಯುತ್ತದೆ, ಒಂಟಿಯಾಗಿರಲು ಒಲ್ಲದು, ತಪ್ಪಿಸಿಕೊಳ್ಳುವುದರಲ್ಲಿ ಸ್ಪೈನಿ ಈಲ್‌ಗಳಿಗೂ ಗುರು. ನಿಮ್ಮ ನಿಯಾನ್‌ಗಳು ಅದರ ಬಾಯಿಗೆ ಹಿಡಿಸುವ ಅಳತೆಯವು. ದೊಡ್ಡ ತೊಟ್ಟಿ ಕಟ್ಟಿಸಿದ ದಿನ ಮತ್ತೆ ಕೇಳಿ.

ಇನ್ನು ನಿಮಗೆ ಯಾರಾದರೂ ತೋರಿಸಬಹುದಾದ ಒಂದೆರಡು ಮೋಸಗಳು. ಮೊರೇ ಎಂಬುದು ನಿಜವಾದ ಹಾವುಮೀನುಗಳ ಒಂದು ಕುಟುಂಬ; 'ಸಿಹಿನೀರಿನ ಮೊರೇ' ಎಂದು ಮಾರುವ ಮೀನು ಉಪ್ಪು ಬೆರೆತ ಅಳಿವೆ ನೀರಿನದು. ಸಿಹಿನೀರಿನಲ್ಲಿ ಕೆಲವು ತಿಂಗಳು ತಳ್ಳುತ್ತದೆ, ಆಮೇಲೆ ಊಟ ಬಿಡುತ್ತದೆ. 'ಡ್ರ್ಯಾಗನ್ ಫಿಶ್' ಎಂಬ ನೇರಳೆ ಮೈಯ, ಗೋಬಿ ಗುಂಪಿನ ಮೀನೂ ಅಳಿವೆಯದೇ. ನೋಟ ಭಯಂಕರ, ಸ್ವಭಾವ ಸಾಧು. ತಳದ ಪಾಚಿ ಕೆರೆದು, ಕೆಸರು ಜರಡಿಯಾಡಿ ತಿನ್ನುವ ಅದು ಅರ್ಧ ಮೀಟರ್ ಬೆಳೆಯುತ್ತದೆ. ವಿದ್ಯುತ್ ಹಾವುಮೀನಿನ ಆಸೆ ಯಾರಿಗಾದರೂ ಇದ್ದರೆ: 2019ರಲ್ಲಿ ಅದರ ಒಂದು ಜಾತಿಯಲ್ಲಿ 860 ವೋಲ್ಟ್ ಅಳೆದಿದ್ದಾರೆ. ಮುಂದೆ ಹೇಳಬೇಕಾದ್ದೇನೂ ಇಲ್ಲ.

ಸರಿ, ಕುಹ್ಲಿ.

ಹೆಸರಿನಿಂದಲೇ ಶುರುಮಾಡುತ್ತೇನೆ, ಯಾಕೆಂದರೆ ಇದನ್ನು 'ಕೂಲಿ ಲೋಚ್' ಎನ್ನುವವರೇ ಹೆಚ್ಚು. ಕೂಲಿಗೂ ಇದಕ್ಕೂ ಸಂಬಂಧವಿಲ್ಲ. ಹೈನ್ರಿಕ್ ಕೂಲ್ ಎಂಬ ಜರ್ಮನ್ ಜೀವವಿಜ್ಞಾನಿ ಜಾವಾ ದ್ವೀಪಕ್ಕೆ ಪ್ರಾಣಿ ಸಂಗ್ರಹಕ್ಕೆ ಹೋಗಿ, 1821ರಲ್ಲಿ, ಇನ್ನೂ 24 ತುಂಬುವ ಮೊದಲೇ ಅಲ್ಲಿಯೇ ತೀರಿಕೊಂಡ. ಒಂದು ಹಲ್ಲಿಗೆ, ಒಂದು ಜಿಂಕೆಗೆ, ಒಂದು ಬಾವಲಿಗೆ ಅವನ ಹೆಸರಿದೆ. 1846ರಲ್ಲಿ ಈ ಪುಟ್ಟ ಮೀನಿಗೂ ಬಂತು. 'ಕೂಲಿ' ಎಂದು ಕರೆದರೆ ಕೆಡುಕೇನೂ ಇಲ್ಲ ನಿಜ, ಆದರೆ ಆ ಹೆಸರು ಕೇಳಿದವರಿಗೆ ಇದು ತಳ ತೊಳೆಯುವ ಆಳು ಎಂಬ ಭ್ರಮೆ ಹುಟ್ಟುತ್ತದೆ. ನಿಮ್ಮ ಅಂಗಡಿಯವರು ಫೈರ್ ಈಲ್ ಬಗ್ಗೆ ಹೇಳಿದ್ದೂ ಅದೇ ಭ್ರಮೆ. ಯಾವ ಮೀನೂ ಇನ್ನೊಂದು ಮೀನಿನ ಹಿಕ್ಕೆ ತಿಂದು ಬದುಕುವುದಿಲ್ಲ. ಕುಹ್ಲಿ ಸಂದಿಗೆ ಬಿದ್ದ ಊಟದ ಚೂರುಗಳನ್ನು ಹೆಕ್ಕುತ್ತದೆ, ಮರಳನ್ನು ಸ್ವಲ್ಪ ಕದಡುತ್ತದೆ. ಅದರಾಚೆಗೆ ಅದೂ ನಿಮಗೆ ಕೆಲಸ ಕೊಡುವ ಜೀವಿಯೇ, ಕೆಲಸ ಉಳಿಸುವ ಜೀವಿಯಲ್ಲ.

ನೋಡಲು ಹೇಗಿದೆ? ಪೆನ್ಸಿಲಿನ ದಪ್ಪ, 8ರಿಂದ 10 ಸೆಂಟಿಮೀಟರ್ ಉದ್ದ. ತಿಳಿ ಕಿತ್ತಳೆ ಅಥವಾ ಹಳದಿ ಮೈಗೆ ಕಪ್ಪು ಕಂದು ಪಟ್ಟೆಗಳು. ಪಟ್ಟೆಯಿಲ್ಲದ, ಪೂರ್ತಿ ಚಾಕೊಲೇಟ್ ಬಣ್ಣದ ಜಾತಿಯೂ ಉಂಟು. ಕುಹ್ಲಿ ಎಂಬ ಒಂದೇ ಹೆಸರಿನಲ್ಲಿ ಹಲವು ಜಾತಿಗಳು ಮಾರಾಟವಾಗುತ್ತವೆ. ಸಾಕುವ ಕ್ರಮ ಎಲ್ಲಕ್ಕೂ ಒಂದೇ, ತಲೆ ಕೆಡಿಸಿಕೊಳ್ಳಬೇಡಿ. ಬಾಯಿಯ ಸುತ್ತ ಪುಟ್ಟ ಮೀಸೆಗಳು. ಕಣ್ಣಿನ ಮೇಲೆ ಪಾರದರ್ಶಕ ಚರ್ಮದ ಹೊದಿಕೆ. ಮರಳಿನಲ್ಲಿ ನುಗ್ಗುವವರಿಗೆ ಕನ್ನಡಕ ಬೇಕಲ್ಲವೇ. ಕಣ್ಣಿನ ಕೆಳಗೆ, ಮಡಚಿಡಬಹುದಾದ ಒಂದು ಮುಳ್ಳಿದೆ. ಬೆದರಿದಾಗ ಅದನ್ನು ಚಾಚುತ್ತದೆ, ಬಲೆಯಲ್ಲಿ ಹಿಡಿದರೆ ನೂಲಿಗೆ ಸಿಕ್ಕಿಕೊಳ್ಳುತ್ತದೆ. ಅದಕ್ಕೇ ಕುಹ್ಲಿಯನ್ನು ಬಲೆಯಿಂದ ಹಿಡಿಯಬಾರದು, ಲೋಟ ಅಥವಾ ಅಗಲ ಬಾಯಿಯ ಸೀಸೆಗೆ ಹೊಗಿಸಿ ಎತ್ತಬೇಕು.

ಈಜಿದಾಗ ಪಕ್ಕಾ ಹಾವುಮೀನು. ಮೂತಿಯಿಂದ ಬಾಲದ ತುದಿಯವರೆಗೆ ಅಲೆಯೊಂದು ಹರಿದಂತೆ. ನೀವು ಆಸೆಪಟ್ಟ ನೋಟ ಇದರಲ್ಲಿ ಪೂರ್ತಿಯಾಗಿ ಸಿಗುತ್ತದೆ, ಅಳತೆ ಮಾತ್ರ ಚಿಕ್ಕದು.

ಆರೇ ಯಾಕೆ? ಒಂದೋ ಎರಡೋ ತಂದರೆ ಹಗಲಿಡೀ ಕಾಣವು. ಭಯದಲ್ಲಿ ಸಂದು ಹಿಡಿದು ಕೂರುತ್ತವೆ, ಸರಿಯಾಗಿ ತಿನ್ನುವುದೂ ಇಲ್ಲ. ತಮ್ಮವರು ಐದಾರು ಮಂದಿ ಇದ್ದಾರೆಂದು ಗೊತ್ತಾದರೆ ಧೈರ್ಯ ಬರುತ್ತದೆ. ಒಂದೇ ಮರದ ಬೊಡ್ಡೆಯ ಕೆಳಗೆ ಗಂಟು ಹಾಕಿದ ದಾರದ ಹಾಗೆ ಒಟ್ಟಿಗೆ ಮಲಗುತ್ತವೆ, ಸಂಜೆ ಒಂದರ ಹಿಂದೊಂದು ಹೊರಡುತ್ತವೆ. ಕುಹ್ಲಿ ಕಾಣಿಸುವುದೇ ಇಲ್ಲ ಎಂದು ದೂರುವವರನ್ನು ವಿಚಾರಿಸಿದರೆ ಹೆಚ್ಚಿನವರ ಬಳಿ ಇರುವುದು ಎರಡು ಮೀನು.

ನಿಮ್ಮ ತೊಟ್ಟಿ ಅಂಚಿನವರೆಗೆ ತುಂಬಿಸಿದರೆ 85 ಲೀಟರ್. ಮರಳು, ಕಲ್ಲು, ಮೇಲಿನ ಖಾಲಿ ಜಾಗ ಕಳೆದರೆ ನಿಜವಾದ ನೀರು 70ರ ಆಸುಪಾಸು. ಹತ್ತು ಗಪ್ಪಿ, ಎಂಟು ನಿಯಾನ್ ಜೊತೆ ಆರು ಕುಹ್ಲಿಗೆ ಇದು ಸಾಲುತ್ತದೆ. ಆದರೆ ಗಪ್ಪಿಗಳು ಹತ್ತರಲ್ಲೇ ನಿಲ್ಲುವವಲ್ಲ. ಗಂಡು ಹೆಣ್ಣು ಎರಡೂ ಇದ್ದರೆ ನಾಲ್ಕು ತಿಂಗಳಲ್ಲಿ ತೊಟ್ಟಿ ಸಂತೆಯಾಗುತ್ತದೆ, ಮರಿಗಳಿಗೆ ಈಗಲೇ ಬೇರೆ ದಾರಿ ನೋಡಿಕೊಳ್ಳಿ. ಕಾಡಿನಲ್ಲಿ ಕುಹ್ಲಿಗಳು ಬದುಕುವುದು ಎಲೆ ಕೊಳೆತು ಚಹಾ ಬಣ್ಣಕ್ಕೆ ತಿರುಗಿದ, ಮೃದುವಾದ, ತುಸು ಆಮ್ಲೀಯ ನೀರಿನಲ್ಲಿ. ನಿಯಾನ್‌ಗಳೂ ಅಂಥ ನೀರಿನವೇ. ಗಪ್ಪಿಗಳಿಗೆ ಗಡಸು ನೀರು ಹಿತ. ಮೂರಕ್ಕೂ ನಡೆಯುವ ರಾಜಿ ಎಂದರೆ ಪಿಎಚ್ (ನೀರಿನ ಆಮ್ಲ, ಕ್ಷಾರ ಗುಣದ ಅಳತೆ) 7ರ ಹತ್ತಿರ, ಉಷ್ಣತೆ 25 ಡಿಗ್ರಿ. ನಿಮ್ಮ ನೀರು ತೀರ ಗಡಸಾಗಿ, ಪಿಎಚ್ 8ರ ಆಚೆಗೆ ಇದ್ದರೆ ಕುಹ್ಲಿಯ ಆಲೋಚನೆ ಬಿಡುವುದೇ ಒಳ್ಳೆಯದು. ಔಷಧ ಸುರಿದು ಪಿಎಚ್ ಇಳಿಸಲು ಹೋಗಬೇಡಿ. ಇವತ್ತು ಇಳಿದದ್ದು ನಾಳೆ ಏರುತ್ತದೆ, ಆ ಏರಿಳಿತವನ್ನು ಮೀನು ತಾಳುವುದಿಲ್ಲ.

ತೊಟ್ಟಿ ಒಂದು ವರ್ಷದ್ದಾದ್ದರಿಂದ ಫಿಲ್ಟರಿನಲ್ಲಿ ಮೀನಿನ ಹೊಲಸಿನ ವಿಷವನ್ನು ಕರಗಿಸುವ ಬ್ಯಾಕ್ಟೀರಿಯಾ ನೆಲೆಯೂರಿರಬೇಕು. ಆದರೂ ಮೀನು ತರುವ ಮೊದಲು ಪರೀಕ್ಷೆ ಮಾಡಿ. ಅಮೋನಿಯಾ ಸೊನ್ನೆ, ನೈಟ್ರೈಟ್ ಸೊನ್ನೆ ಇರಲೇಬೇಕು. ನೈಟ್ರೇಟ್ ಲೀಟರಿಗೆ 20 ಮಿಲಿಗ್ರಾಮಿನ ಒಳಗಿದ್ದರೆ ಸಂತೋಷ. ತಳದಲ್ಲಿ ಬದುಕುವ ಮೀನು ಕೊಳೆಗೆ ಎಲ್ಲರಿಗಿಂತ ಹತ್ತಿರ ಇರುತ್ತದೆ. ವಾರಕ್ಕೊಮ್ಮೆ ಕಾಲುಭಾಗ ನೀರು, ಕ್ಲೋರಿನ್ ತೆಗೆದದ್ದು, ಬದಲಿಸುತ್ತಿದ್ದರೆ ಸಾಕು.

ತಳದಲ್ಲಿ ಏನಿದೆ ಎಂದು ನೀವು ಬರೆದಿಲ್ಲ. ಬಣ್ಣದ ಜಲ್ಲಿಯಾಗಿದ್ದರೆ ಅದನ್ನು ತೆಗೆಯಬೇಕಾಗುತ್ತದೆ, ಇದರಲ್ಲಿ ರಾಜಿಯಿಲ್ಲ. ಕುಹ್ಲಿ ಊಟ ಮಾಡುವುದನ್ನು ಒಮ್ಮೆ ಕೆಂಪು ಬೆಳಕಿನ ಟಾರ್ಚ್ ಹಿಡಿದು ನೋಡಿದರೆ ನಿಮಗೇ ತಿಳಿಯುತ್ತದೆ. ಮೂತಿಯನ್ನು ಮರಳಿಗೆ ಚುಚ್ಚಿ, ಒಂದು ತುತ್ತು ಮರಳನ್ನೇ ಬಾಯಿಗೆ ತೆಗೆದುಕೊಳ್ಳುತ್ತದೆ. ಕ್ಷಣದಲ್ಲಿ ಎರಡು ಕಿವಿರುಗಳಿಂದ ಮರಳು ಹೊಗೆಯಂತೆ ಹೊರಬೀಳುತ್ತದೆ. ತಿನ್ನುವಂಥದ್ದು ಒಳಗೆ ಉಳಿಯುತ್ತದೆ. ತಲೆ ಕೊಡವಿ ಒಂದು ಇಂಚು ಮುಂದೆ ಸರಿದು ಮತ್ತೊಂದು ತುತ್ತು. ನಮ್ಮಲ್ಲಿ ಮೊರದಲ್ಲಿ ಅಕ್ಕಿ ಕೇರುವ ಹಾಗೆ. ಜಲ್ಲಿಯಲ್ಲಿ ಈ ಕೆಲಸ ಆಗದು, ಮೀಸೆಗಳು ಸವೆದು ಹುಣ್ಣಾಗುತ್ತವೆ. ಒಂದು ಮಿಲಿಮೀಟರಿಗಿಂತ ಸಣ್ಣ ಕಾಳಿನ, ಅಂಚು ನಯವಾದ ಮರಳನ್ನು ನೀರು ತಿಳಿಯಾಗುವವರೆಗೆ ತೊಳೆದು ನಾಲ್ಕೈದು ಸೆಂಟಿಮೀಟರ್ ಹಾಸಿ. ಮೇಲೆ ಒಂದು ಮರದ ಬೊಡ್ಡೆ, ಒಂದಿಷ್ಟು ಒಣ ಬಾದಾಮಿ ಎಲೆ (ಅಕ್ವೇರಿಯಂಗೆಂದೇ ಸಿಗುವ ಕಾಡುಬಾದಾಮಿಯದು), ಜಾವಾ ಪಾಚಿಯ ಪೊದೆ. ಅಡಗಲು ಜಾಗ ಹೆಚ್ಚಿದಷ್ಟೂ ಅವು ಹೊರಗೆ ಬರುವುದು ಹೆಚ್ಚುತ್ತದೆ. ಕೇಳಲು ವಿಚಿತ್ರ, ಆದರೆ ಓಡಿಹೋಗಲು ಮನೆ ಹತ್ತಿರ ಇದೆ ಎಂದು ಗೊತ್ತಿದ್ದವನಿಗೇ ಬೀದಿಗಿಳಿಯಲು ಧೈರ್ಯ.

ಊಟ ದೊಡ್ಡ ತಲೆನೋವಲ್ಲ. ಮುಳುಗುವ ಸಣ್ಣ ಗುಳಿಗೆ ಅವುಗಳ ದಿನದ ಅನ್ನ. ವಾರಕ್ಕೆ ಎರಡು ಮೂರು ಸಲ ಹೆಪ್ಪುಗಟ್ಟಿಸಿದ ಬ್ಲಡ್‌ವರ್ಮ್, ಇಲ್ಲವೇ ಸೀಗಡಿಯಂಥ ಪುಟಾಣಿ ಜೀವಿಗಳಾದ ಡಾಫ್ನಿಯಾ ಅಥವಾ ಆರ್ಟೀಮಿಯಾ ಕೊಟ್ಟರೆ ಮೈ ತುಂಬಿಕೊಳ್ಳುತ್ತವೆ. ಕ್ರಮ ಮಾತ್ರ ಮುಖ್ಯ: ಮೊದಲು ಮೇಲಿನ ಮೀನುಗಳಿಗೆ ತೇಲುವ ಊಟ ಹಾಕಿ ಹೊಟ್ಟೆ ತುಂಬಿಸಿ, ದೀಪ ಆರಿಸಿ, ಅರ್ಧ ಗಂಟೆ ಬಿಟ್ಟು ಗುಳಿಗೆ ಹಾಕಬೇಕು. ಹಗಲಲ್ಲಿ ಹಾಕಿದರೆ ಗಪ್ಪಿಗಳು ತಳಕ್ಕೂ ಇಳಿದು ದೋಚುತ್ತವೆ. ಬೆಳಿಗ್ಗೆ ಗುಳಿಗೆ ಉಳಿದಿದ್ದರೆ ಮರುದಿನ ಕಡಿಮೆ ಮಾಡಿ.

ಮುಚ್ಚಳದ ವಿಚಾರದಲ್ಲಿ ನನ್ನ ಕಪಾಟಿನ ಕಥೆ ನೆನಪಿಟ್ಟುಕೊಳ್ಳಿ. ಪೆನ್ಸಿಲು ತೂರುವ ಪ್ರತಿಯೊಂದು ಸಂದಿಗೂ ಒರಟು ಸ್ಪಂಜು ತುರುಕಿ. ಫಿಲ್ಟರ್ ನೀರೆಳೆಯುವ ಕೊಳವೆಯ ಬಾಯಿಗೂ ಸ್ಪಂಜಿನ ಟೋಪಿ ಹಾಕಿ, ಇದನ್ನು ಮರೆಯುವವರೇ ಜಾಸ್ತಿ.

ಕಾಯಿಲೆ ಬಂದರೆ ಇವುಗಳಿಗೆ ಔಷಧ ಹಾಕುವುದು ನಾಜೂಕಿನ ಕೆಲಸ. ಮೈಮೇಲೆ ಉಪ್ಪಿನ ಹರಳು ಚೆಲ್ಲಿದಂತೆ ಬಿಳಿ ಚುಕ್ಕೆ ಕಂಡರೆ ಅದು ಪರಾವಲಂಬಿ ಜೀವಿಯ ಕಾಟ. ತಾಮ್ರ ಇರುವ ಔಷಧ ಬೇಡವೇ ಬೇಡ. ಬೇರೆಯವನ್ನೂ ಹುರುಪೆ ಕಡಿಮೆಯಿರುವ ಮೀನಿಗೆಂದು ಸೀಸೆಯ ಮೇಲೆ ಬರೆದ ಪ್ರಮಾಣದಲ್ಲಿ, ಹಾಗೆ ಬರೆದಿಲ್ಲದಿದ್ದರೆ ಅರ್ಧದಿಂದ ಶುರುಮಾಡಿ. ಚುಕ್ಕೆ ಮಾಯವಾದ ದಿನವೇ ಔಷಧ ನಿಲ್ಲಿಸಬಾರದು. ಮೈಮೇಲೆ ಕೂತ ಹಂತದಲ್ಲಿ ಆ ಜೀವಿಗೆ ಔಷಧ ತಟ್ಟುವುದಿಲ್ಲ, ನೀರಿನಲ್ಲಿ ಈಜಾಡುವ ಹಂತದಲ್ಲಿ ಮಾತ್ರ ಸಾಯುತ್ತದೆ. ಹಾಗಾಗಿ ಚಿಕಿತ್ಸೆ ಇನ್ನೂ ಕೆಲವು ದಿನ ಮುಂದುವರಿಯಬೇಕು. ಔಷಧ ಹಾಕಿದಷ್ಟು ದಿನವೂ ಗಾಳಿಗುಳ್ಳೆ ಬಿಡುವ ಪಂಪ್ ಓಡುತ್ತಿರಲಿ.

ಇದೆಲ್ಲ ಬಾರದಂತೆ ತಡೆಯುವುದು ಕೊಳ್ಳುವ ದಿನದ ಎಚ್ಚರ. ಅಂಗಡಿಗೆ ಮಾಲು ಬಂದ ದಿನವೇ ಕೊಳ್ಳಬೇಡಿ, ಒಂದು ವಾರ ಅಲ್ಲಿಯೇ ಉಳಿದು ಬದುಕಿದವನ್ನು ಕೊಳ್ಳಿ. ತಲೆಯ ಹಿಂದೆ ಬೆನ್ನು ಚಾಕುವಿನ ಅಂಚಿನಂತೆ ಚೂಪಾಗಿದ್ದರೆ, ಹೊಟ್ಟೆ ಒಳಗೆ ಅಂಟಿದ್ದರೆ, ಕಿವಿರು ದಡಬಡ ಬಡಿಯುತ್ತಿದ್ದರೆ ಬಿಟ್ಟು ಬನ್ನಿ. 'ತಿನ್ನುವುದನ್ನು ತೋರಿಸಿ' ಎಂದು ಕೇಳಲು ಸಂಕೋಚ ಬೇಡ. ಮನೆಗೆ ತಂದ ಮೇಲೆ ಇಪ್ಪತ್ತು ಮೂವತ್ತು ಲೀಟರಿನ ಬೇರೆ ತೊಟ್ಟಿಯಲ್ಲಿ, ಸ್ಪಂಜ್ ಫಿಲ್ಟರ್ ಹಾಕಿ, ಮೂರು ವಾರ ಇಟ್ಟು ನೋಡಿ. ಆ ಸ್ಪಂಜನ್ನು ಮುಂಚೆಯೇ ದೊಡ್ಡ ತೊಟ್ಟಿಯಲ್ಲಿ ಒಂದು ತಿಂಗಳು ಮುಳುಗಿಸಿಟ್ಟಿದ್ದರೆ ಬ್ಯಾಕ್ಟೀರಿಯಾ ಅದರ ಜೊತೆಗೇ ಬರುತ್ತದೆ.

ನಿಮ್ಮ ಮನೆಯಲ್ಲಿ ಹೀಟರ್ ಇಲ್ಲದೆ, ನೀರು ವರ್ಷದ ಬಹುಪಾಲು 20 ಡಿಗ್ರಿಯ ಆಸುಪಾಸಿನಲ್ಲೇ ಇರುವುದಾದರೆ ಕುಹ್ಲಿಗಿಂತ ಡೋಜೋ ಲೋಚ್ ಒಪ್ಪುತ್ತದೆ. ಪೂರ್ವ ಏಷ್ಯಾದ ಗದ್ದೆ, ಕಾಲುವೆಗಳ ಮೀನು ಅದು. ನೀರಿನಲ್ಲಿ ಆಮ್ಲಜನಕ ಕಡಿಮೆಯಾದರೆ ಮೇಲೆ ಬಂದು ಗಾಳಿ ನುಂಗಿ, ಕರುಳಿನ ಮೂಲಕ ಅದನ್ನು ಹೀರಿ, ಉಳಿದದ್ದನ್ನು ಹಿಂಬದಿಯಿಂದ ಗುಳ್ಳೆಯಾಗಿ ಬಿಡುತ್ತದೆ. ಮಳೆ ಬರುವ ಮುಂಚೆ, ಗಾಳಿಯ ಒತ್ತಡ ಇಳಿದಾಗ ತೊಟ್ಟಿಯಲ್ಲಿ ಮೇಲಕ್ಕೂ ಕೆಳಕ್ಕೂ ಹುಚ್ಚೆದ್ದು ಓಡಾಡುವುದರಿಂದ ಅದಕ್ಕೆ ಹವಾಮಾನದ ಮೀನು ಎಂಬ ಹೆಸರೂ ಇದೆ. ಕೈಯಿಂದಲೇ ಊಟ ತೆಗೆದುಕೊಳ್ಳುವಷ್ಟು ಸಲುಗೆ ಬೆಳೆಸುತ್ತದೆ. ಆದರೆ 20 ಸೆಂಟಿಮೀಟರ್ ದಾಟಿ ಬೆಳೆಯುವ ಮೀನು, ಮೂರಾದರೂ ಇರಬೇಕು, ಅದಕ್ಕೆ ಈ ತೊಟ್ಟಿ ಸಾಲದು. ಸಾಕಲಾರದೆ ಹೊಳೆಗೆ ಬಿಟ್ಟವರಿಂದಾಗಿ ಅದು ಹಲವು ದೇಶಗಳಲ್ಲಿ ಪರಕೀಯ ಪಿಡುಗಾಗಿದೆ. ಯಾವ ಅಕ್ವೇರಿಯಂ ಮೀನನ್ನೂ ಹೊರಗಿನ ನೀರಿಗೆ ಬಿಡಬೇಡಿ.

ಮುಂದೆಂದಾದರೂ 120 ಸೆಂಟಿಮೀಟರಿನ ತೊಟ್ಟಿ ಬಂದರೆ, ಸ್ಪೈನಿ ಈಲ್‌ಗಳಲ್ಲೇ ಚಿಕ್ಕವಾದ, 15ರಿಂದ 20 ಸೆಂಟಿಮೀಟರಿನೊಳಗೆ ನಿಲ್ಲುವ ಪಟ್ಟೆಯ ಜಾತಿಗಳಿವೆ. ಕುಹ್ಲಿಗಳ ಜೊತೆ ಒಂದು ವರ್ಷ ಕಳೆದವರಿಗೆ ಮರಳು, ಮುಚ್ಚಳ, ರಾತ್ರಿಯೂಟ ಎಲ್ಲ ಅಭ್ಯಾಸವಾಗಿರುತ್ತದೆ. ಆಗ ಅದು ಹೊಸ ಪಾಠವಲ್ಲ, ಮುಂದಿನ ತರಗತಿ. ಕಡಲನೀರಿನ ತೊಟ್ಟಿಯವರೆಗೆ ಹೋದರೆ ನಿಜವಾದ ಹಾವುಮೀನೂ ಸಿಗುತ್ತದೆ. ಸ್ನೋಫ್ಲೇಕ್ ಮೊರೇ ಏಡಿ ಸೀಗಡಿಗಳನ್ನು ಅರೆಯುವ ಮೊಂಡು ಹಲ್ಲಿನದು, ಮೊರೇಗಳಲ್ಲಿ ಸಾಕಲು ಸುಲಭದ್ದೆಂದು ಹೆಸರಾದದ್ದು. ಗಂಟಲಿನೊಳಗಿಂದ ಎರಡನೆಯ ದವಡೆ ಮುಂದೆ ಬಂದು ಬೇಟೆಯನ್ನು ಒಳಗೆಳೆಯುವ ಮೊರೇಗಳ ವಿದ್ಯೆಯನ್ನು 2007ರಲ್ಲಿ ರೀಟಾ ಮೆಹ್ತಾ ಮತ್ತು ಪೀಟರ್ ವೈನ್‌ರೈಟ್ ಎಂಬ ಜೀವವಿಜ್ಞಾನಿಗಳು ಚಿತ್ರೀಕರಿಸಿ ತೋರಿಸಿದ ಮೇಲೆ ನನಗೂ ಅದರ ಆಸೆ ಹತ್ತಿದ್ದುಂಟು. ಇನ್ನೂ ತಂದಿಲ್ಲ.

ಕುಹ್ಲಿ ತಂದ ಮೊದಲ ಎರಡು ವಾರ ಖಾಲಿ ಮರಳನ್ನು ನೋಡುತ್ತಾ ಕೂರಬೇಕಾಗಬಹುದು, ಬೇಸರಿಸಬೇಡಿ, ಮರವನ್ನು ಎತ್ತಿ ಎತ್ತಿ ನೋಡಬೇಡಿ. ಎಲೆಯ ಮೇಲೆ ಓರೆಯಾಗಿ, ಕೆಲವೊಮ್ಮೆ ಹೊಟ್ಟೆ ಮೇಲಾಗಿ ಸತ್ತಂತೆ ಬಿದ್ದಿರುವುದೂ ಅವುಗಳ ಮಾಮೂಲಿ ನಿದ್ದೆಯ ಭಂಗಿ. ಕಿವಿರು ಆಡುತ್ತಿದೆಯೇ ಎಂದಷ್ಟೇ ನೋಡಿ. ಸರಿಯಾಗಿ ಸಾಕಿದರೆ ಹತ್ತು ವರ್ಷ ಬಾಳುವ ಮೀನು, ನಿಮ್ಮನ್ನು ಪರಿಚಯ ಮಾಡಿಕೊಳ್ಳಲು ಅದಕ್ಕೆ ಆತುರವಿಲ್ಲ. ಬ್ಲಡ್‌ವರ್ಮ್ ಹಾಕಿದ ರಾತ್ರಿ ಎಲ್ಲವೂ ಹೊರಬರುತ್ತವೆ, ಆಗ ಎಣಿಸಿ. ಐದೇ ಸಿಕ್ಕಿದರೆ ಶೋಕಕ್ಕೆ ಮುಂಚೆ ಫಿಲ್ಟರ್ ಬಿಚ್ಚಿ ನೋಡಿ. ಸ್ಪಂಜಿನ ಟೋಪಿ ಹಾಕಲು ಮರೆತ ಒಂದು ಸಲ, ಸತ್ತಿತೆಂದು ನಾನು ಕೈಬಿಟ್ಟಿದ್ದ ಕುಹ್ಲಿಯೊಂದು ಮೂರು ವಾರದ ನಂತರ ಫಿಲ್ಟರಿನ ಡಬ್ಬದೊಳಗೆ, ಅಲ್ಲಿಗೆ ಹರಿದುಬಂದ ಊಟವನ್ನೆಲ್ಲ ತಿಂದು, ಹೊರಗಿನ ಐದಕ್ಕಿಂತ ದಪ್ಪವಾಗಿ ಕೂತಿತ್ತು.